ಕೊಲ್ಲುವ ಗಾಳಿ, ಕಾಯುವ ಗಾಳಿ

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ, ಡೌರಿ ಚೌಕವೆಂಬಲ್ಲಿ, ೧೭೯೯ರಲ್ಲಿ ಒಂದು ವಿಚಿತ್ರವಾದ ಚಿಕಿತ್ಸಾಲಯವು ಬಾಗಿಲು ತೆರೆಯಿತು. ಅಲ್ಲಿನ ಮುಖ್ಯ ಔಷಧವು ಬಾಟಲಿಯಲ್ಲಿರಲಿಲ್ಲ, ಪೊಟ್ಟಣದಲ್ಲಿರಲಿಲ್ಲ, ರೇಷ್ಮೆಯ ಚೀಲಗಳಲ್ಲಿತ್ತು. ಆ ಔಷಧವೆಂದರೆ ಗಾಳಿ. ಬಗೆಬಗೆಯ ಅನಿಲಗಳನ್ನು ಉಸಿರಾಡಿಸಿ ಎದೆಯ ರೋಗಗಳನ್ನು, ಅದರಲ್ಲಿಯೂ ಕ್ಷಯವನ್ನು, ಗುಣಪಡಿಸಬಹುದೆಂಬ ಆಸೆ ಅದರ ಸ್ಥಾಪಕರಾದ ಡಾಕ್ಟರ್ ಥಾಮಸ್ ಬೆಡ್ಡೋಸ್ ಅವರದು. ಅನಿಲಗಳನ್ನು ತಯಾರಿಸುವ ಯಂತ್ರಗಳನ್ನು ರೂಪಿಸಿಕೊಟ್ಟವರು ಬೇರೆ ಯಾರೂ ಅಲ್ಲ, ಉಗಿಯಂತ್ರದಿಂದ ಲೋಕಖ್ಯಾತರಾದ ಜೇಮ್ಸ್ ವಾಟ್. ಆ ಮಹಾ ಯಂತ್ರಶಿಲ್ಪಿಗೆ ಈ ಕೆಲಸದಲ್ಲಿ ಆಸಕ್ತಿಯುಂಟಾದುದು ಕೇವಲ ಕುತೂಹಲದಿಂದಲ್ಲ. ೧೭೯೪ರಲ್ಲಿ ಅವರ ಮಗಳು ಜೆಸ್ಸಿ ಕ್ಷಯರೋಗದಿಂದ ಕಣ್ಮುಚ್ಚಿದ್ದಳು. ಮಗ ಗ್ರೆಗರಿಯನ್ನೂ ಅದೇ ರೋಗವು ೧೮೦೪ರಲ್ಲಿ ಕರೆದೊಯ್ಯಿತು. ಜಗತ್ತಿನ ಕಾರ್ಖಾನೆಗಳಿಗೆಲ್ಲ ಶಕ್ತಿಯನ್ನು ಕೊಟ್ಟ ತಂದೆಗೆ ತನ್ನ ಮಕ್ಕಳ ಎದೆಗೆ ಉಸಿರನ್ನು ಕೊಡಲಾಗಲಿಲ್ಲ.

ಈ ಚಿಕಿತ್ಸಾಲಯದ ಪ್ರಯೋಗಶಾಲೆಯನ್ನು ನೋಡಿಕೊಳ್ಳಲು ಬಂದ ತರುಣನು ಹಂಫ್ರಿ ಡೇವಿ. ವಯಸ್ಸು ಇಪ್ಪತ್ತರ ಆಸುಪಾಸು. ಯಾವ ಅನಿಲವನ್ನಾದರೂ ತಾನೇ ಮೊದಲು ಉಸಿರಾಡಿ ನೋಡುವ ಹುಚ್ಚು ಧೈರ್ಯ ಅವನದು. ನಗೆಯನಿಲವೆಂದು ಹೆಸರಾದ ನೈಟ್ರಸ್ ಆಕ್ಸೈಡನ್ನು ಉಸಿರಾಡಿ ಆನಂದದಿಂದ ಕುಣಿದವನು ಅವನೇ. ಆದರೆ ಅದರ ದಾಯಾದಿಯಾದ ಇನ್ನೊಂದು ಅನಿಲವನ್ನು ಅವನು ಪರೀಕ್ಷಿಸಹೋದಾಗ ಆನಂದವು ಸಂಕಟವಾಯಿತು. ಅನಿಲವು ಬಾಯೊಳಗಿನ ಗಾಳಿಯೊಡನೆ ಬೆರೆತು ಅಲ್ಲಿಯೇ ಆಮ್ಲವಾಗಿ ಮಾರ್ಪಟ್ಟಿತು. ನಾಲಿಗೆ, ಅಂಗುಳು ಸುಟ್ಟು ಉರಿದವು, ಹಲ್ಲುಗಳಿಗೂ ಹಾನಿಯಾಯಿತು. ಇಂತಹ ದುಡುಕಿನ ಪ್ರಯೋಗವನ್ನು ತಾನು ಮತ್ತೆಂದೂ ಮಾಡಲಾರೆನೆಂದು ಡೇವಿ ೧೮೦೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬರೆದಿಟ್ಟನು.

ಆ ಅನಿಲವೇ ನೈಟ್ರಿಕ್ ಆಕ್ಸೈಡ್.

ಇನ್ನೂರು ವರ್ಷಗಳು ಕಳೆಯುವ ಹೊತ್ತಿಗೆ ಅದೇ ಅನಿಲವು ಆಸ್ಪತ್ರೆಗಳಲ್ಲಿ ಹಸುಗೂಸುಗಳ ಮೂಗಿನ ಬಳಿಗೆ ಬಂದಿತು. ನೀಲಿಗಟ್ಟಿದ ಎಳೆಯ ಮೈಗಳು ಮತ್ತೆ ಕೆಂಪಾದವು. ಇದು ಹೇಗಾಯಿತು? ಹಸುಗೂಸಿಗೆ ಒದಗಿದ ಈ ವಾಯು, ವರ್ಷಗಟ್ಟಲೆ ದಮ್ಮಿನಿಂದ ಬಳಲುವ ವೃದ್ಧನಿಗೆ, ಒಲೆಯ ಹೊಗೆಯಲ್ಲಿ ಎದೆ ಸವೆಸಿದ ಗೃಹಿಣಿಗೆ ಏಕೆ ಅಷ್ಟು ಸುಲಭವಾಗಿ ಒದಗಲಿಲ್ಲ? ಈ ಕಥೆಯಲ್ಲಿ ವಿಜ್ಞಾನದ ವಿಜಯವೂ ಇದೆ, ಅದರ ವಿನಯವೂ ಇದೆ.

ಸಿಡಿಮದ್ದಿನಿಂದ ಔಷಧ

ನೈಟ್ರಿಕ್ ಆಕ್ಸೈಡಿನ ರಚನೆಯು ಅತಿ ಸರಳವಾದುದು. ಸಾರಜನಕದ ಒಂದು ಪರಮಾಣು, ಆಮ್ಲಜನಕದ ಒಂದು ಪರಮಾಣು, ಅಷ್ಟೆ. ಆಕಾಶದಲ್ಲಿ ಮಿಂಚು ಹೊಳೆದಾಗ ಅದು ಹುಟ್ಟುತ್ತದೆ. ಮೋಟಾರು ವಾಹನದ ಹೊಗೆಯಲ್ಲಿದೆ. ಸಿಗರೇಟಿನ ಹೊಗೆಯಲ್ಲಿಯೂ ಇದೆ. ತಾನಾಗಿ ಅದಕ್ಕೆ ಬಣ್ಣವಿಲ್ಲ. ಆದರೆ ಆಮ್ಲಜನಕ ಸೋಕಿದೊಡನೆ ಕೆಂಗಂದಿನ ವಿಷಾನಿಲವಾದ ನೈಟ್ರೋಜನ್ ಡೈ ಆಕ್ಸೈಡ್ ಆಗಿ ಮಾರ್ಪಡುತ್ತದೆ. ಇಂತಹ ವಸ್ತುವು ಮನುಷ್ಯನ ಮೈಯೊಳಗೆ ಹುಟ್ಟಿ ಕೆಲಸ ಮಾಡುತ್ತಿರಬಹುದೆಂದು ಬಹುಕಾಲ ಯಾರೂ ಊಹಿಸಲಿಲ್ಲ.

ಊಹೆಗೆ ಎಡೆ ಮಾತ್ರ ಮೊದಲಿನಿಂದಲೂ ಇತ್ತು. ೧೮೪೭ರಲ್ಲಿ ಇಟಲಿಯ ಅಸ್ಕಾನಿಯೋ ಸೊಬ್ರೆರೋ ಎಂಬ ರಸಾಯನಜ್ಞರು ನೈಟ್ರೋಗ್ಲಿಸರಿನ್ ಎಂಬ ಭೀಕರ ಸ್ಫೋಟಕವನ್ನು ಕಂಡುಹಿಡಿದರು. ಒಂದಿಷ್ಟು ನಾಲಿಗೆಗೆ ಮುಟ್ಟಿಸಿಕೊಂಡಾಗ ಅವರಿಗೆ ತಲೆ ಸಿಡಿಯುವಂತಹ ನೋವು ಬಂದಿತು. ೧೮೭೯ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಅದೇ ದ್ರವವನ್ನು ಅತ್ಯಲ್ಪ ಪ್ರಮಾಣದಲ್ಲಿ ಹೃದಯಶೂಲೆಗೆ ಕೊಟ್ಟು ಗುಣ ಕಂಡರು. ಅದನ್ನು ಪಳಗಿಸಿ ಡೈನಮೈಟ್ ಮಾಡಿ ಕೋಟ್ಯಧೀಶರಾದ ಆಲ್ಫ್ರೆಡ್ ನೊಬೆಲ್ ಅವರಿಗೆ ಕೊನೆಗಾಲದಲ್ಲಿ ಹೃದ್ರೋಗ ಬಂದಾಗ ವೈದ್ಯರು ಬರೆದುಕೊಟ್ಟ ಮದ್ದೂ ಅದೇ! ವಿಧಿಯ ಈ ವ್ಯಂಗ್ಯವನ್ನು ಅವರು ೧೮೯೬ರಲ್ಲಿ, ತಾವು ಸಾಯುವ ವರ್ಷ, ಮಿತ್ರರೊಬ್ಬರಿಗೆ ಬರೆದ ಪತ್ರದಲ್ಲಿ ನೆನೆದುಕೊಂಡಿದ್ದಾರೆ.

ಸಿಡಿಮದ್ದು ಎದೆನೋವನ್ನು ಹೇಗೆ ತಗ್ಗಿಸುತ್ತದೆಂಬ ರಹಸ್ಯವು ಬಿಡಿಸಿಕೊಳ್ಳಲು ಇನ್ನೂ ಎಂಬತ್ತು ವರ್ಷಗಳು ಬೇಕಾದವು. ೧೯೭೭ರಲ್ಲಿ ಅಮೆರಿಕದ ಫೆರಿದ್ ಮುರಾದ್ ಅವರು ನೈಟ್ರೋಗ್ಲಿಸರಿನ್ ಮೈಯಲ್ಲಿ ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡುತ್ತದೆ, ಆ ಅನಿಲವೇ ರಕ್ತನಾಳದ ಸ್ನಾಯುವನ್ನು ಸಡಿಲಿಸುತ್ತದೆ ಎಂದು ತೋರಿಸಿದರು. ಇತ್ತ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ಹಿರಿಯ ವಿಜ್ಞಾನಿಗೆ ಬೇರೊಂದು ಒಗಟು ಎದುರಾಗಿತ್ತು. ಮೊಲದ ಧಮನಿಯ ತುಣುಕುಗಳನ್ನು ಒಂದು ರಾಸಾಯನಿಕವು ಸಂಕೋಚಗೊಳಿಸುವುದನ್ನು ಅವರು ವರ್ಷಗಟ್ಟಲೆ ಕಂಡಿದ್ದರು. ೧೯೭೮ರಲ್ಲಿ ಸಹಾಯಕನೊಬ್ಬನು ಹೇಳಿದ ಕ್ರಮವನ್ನು ತಪ್ಪಿ ಪ್ರಯೋಗ ನಡೆಸಿದಾಗ ಅದೇ ಬಗೆಯ ರಾಸಾಯನಿಕಕ್ಕೆ ಧಮನಿಯು ಸಡಿಲವಾಯಿತು! ತಪ್ಪನ್ನು ಗದರಿ ಮರೆಯಬಹುದಾಗಿತ್ತು. ಫರ್ಚ್‌ಗಾಟ್ ಮರೆಯಲಿಲ್ಲ, ಅದರ ಬೆನ್ನು ಹತ್ತಿದರು. ಧಮನಿಯನ್ನು ಸಿದ್ಧಪಡಿಸುವಾಗ ಒಳಮೈಯನ್ನು ಅರಿಯದೆ ಉಜ್ಜಿ ಬಿಡುತ್ತಿದ್ದುದೇ ಹಿಂದಿನ ಫಲಿತಾಂಶಗಳಿಗೆ ಕಾರಣವೆಂದು ಆಗ ತಿಳಿಯಿತು. ಒಳಪದರವು ಉಳಿದಿದ್ದರೆ ಧಮನಿಯು ಸಡಿಲವಾಗುತ್ತದೆ, ಅಳಿದಿದ್ದರೆ ಆಗುವುದಿಲ್ಲ. ಒಳಪದರವಿಲ್ಲದ ತುಣುಕೊಂದನ್ನು ಒಳಪದರವಿರುವ ತುಣುಕಿಗೆ ತಾಗಿಸಿ ಇಟ್ಟರೆ ಮೊದಲನೆಯದೂ ಸಡಿಲವಾಗುತ್ತದೆ! ಅಂದರೆ ಆ ತೆಳುಪದರವು ಯಾವುದೋ ಸಂದೇಶವಸ್ತುವನ್ನು ಕಳುಹಿಸುತ್ತಿರಬೇಕು. ೧೯೮೦ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಆ ಅಜ್ಞಾತ ದೂತನು ನೈಟ್ರಿಕ್ ಆಕ್ಸೈಡೇ ಎಂದು ೧೯೮೬ರಲ್ಲಿ ಫರ್ಚ್‌ಗಾಟ್ ಮತ್ತು ಲೂಯಿ ಇಗ್ನಾರೋ ಬೇರೆಬೇರೆಯಾಗಿಯೇ ಸೂಚಿಸಿದರು. ೧೯೮೭ರಲ್ಲಿ ಇಂಗ್ಲೆಂಡಿನಲ್ಲಿ ಸಾಲ್ವಡೋರ್ ಮೊಂಕಾಡಾ ಅವರ ತಂಡವು ಅದನ್ನು ಅಳೆದು ತೋರಿಸಿತು. ೧೯೯೮ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಈ ಮೂವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಮೊಂಕಾಡಾ ಅವರನ್ನು ಬಿಟ್ಟುದು ಅನ್ಯಾಯವೆಂದು ಹಲವರು ಆಕ್ಷೇಪಿಸಿದರು. ಸಿಡಿಮದ್ದಿನ ಹಣದಿಂದ ಸ್ಥಾಪಿತವಾದ ಪಾರಿತೋಷಕವು ಸಿಡಿಮದ್ದಿನ ರಹಸ್ಯವನ್ನು ಬಿಡಿಸಿದವರ ಕೈ ಸೇರಿದ್ದು ಮಾತ್ರ ಕಥೆಗಾರನೂ ಕಟ್ಟಲಾರದ ಕಾಕತಾಳೀಯ.

ಕುರಿಮರಿಯಿಂದ ಹಸುಗೂಸಿಗೆ

ಬಾಸ್ಟನ್ ನಗರದ ಮೆಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಾರನ್ ಜಪೋಲ್ ಎಂಬ ವೈದ್ಯರಿದ್ದರು. ಅರಿವಳಿಕೆ ಅವರ ವೃತ್ತಿ. ಉಸಿರಾಟ ಅವರ ವ್ಯಸನ. ಬಹುಹೊತ್ತು ಉಸಿರು ಕಟ್ಟಿ ಮುಳುಗಬಲ್ಲ ಸೀಲ್ ಪ್ರಾಣಿಗಳ ಶ್ವಾಸಕೋಶವನ್ನು ಅಭ್ಯಸಿಸಲು ಅವರು ದಕ್ಷಿಣ ಧ್ರುವಖಂಡದ ಹಿಮದವರೆಗೂ ಹೋಗಿಬಂದವರು. ರಕ್ತನಾಳವನ್ನು ಸಡಿಲಿಸುವ ದೂತನು ಒಂದು ಅನಿಲ ಎಂದಾದರೆ, ಅದನ್ನು ಉಸಿರಿನೊಡನೆ ನೇರವಾಗಿ ಶ್ವಾಸಕೋಶಕ್ಕೇ ಕಳುಹಿಸಬಾರದೇಕೆ ಎಂಬ ಪ್ರಶ್ನೆಯು ಅವರಿಗೆ ಹೊಳೆಯಿತು.

ಈ ಪ್ರಶ್ನೆಯ ಹಿಂದೆ ಒಂದು ಹಳೆಯ ಕಷ್ಟವಿತ್ತು. ಶ್ವಾಸಕೋಶದ ಧಮನಿಗಳಲ್ಲಿ ಒತ್ತಡವೇರಿದವರಿಗೆ ನಾಳಗಳನ್ನು ಸಡಿಲಿಸುವ ಮದ್ದನ್ನು ಚುಚ್ಚಿದರೆ, ಅದು ರಕ್ತದೊಡನೆ ಎಲ್ಲೆಡೆ ಹರಿದು ಇಡೀ ಮೈಯ ನಾಳಗಳನ್ನೂ ಸಡಿಲಿಸುತ್ತದೆ; ರಕ್ತದೊತ್ತಡವು ಕುಸಿದು ರೋಗಿಯು ಮೂರ್ಛೆ ಹೋಗುತ್ತಾನೆ. ನೈಟ್ರಿಕ್ ಆಕ್ಸೈಡಿಗಾದರೋ ಒಂದು ವಿಶೇಷ ಗುಣವಿದೆ. ಗಾಳಿಗೂಡಿನ ಗೋಡೆಯನ್ನು ದಾಟಿ ಪಕ್ಕದ ನಾಳವನ್ನು ಸಡಿಲಿಸಿ, ರಕ್ತದೊಳಕ್ಕೆ ಬಿದ್ದ ಕೂಡಲೇ ಅದನ್ನು ರಕ್ತದ ಕೆಂಬಣ್ಣವಾದ ಹೀಮೋಗ್ಲೋಬಿನ್ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಅದರ ಕಾರ್ಯವು ಶ್ವಾಸಕೋಶದ ಹೊಸ್ತಿಲಿನಲ್ಲಿಯೇ ಮುಗಿಯುತ್ತದೆ, ಮನೆಯೊಳಗೆ ಕಾಲಿಡುವುದಿಲ್ಲ.

ಜಪೋಲ್ ಮತ್ತು ಅವರ ಸಂಗಡಿಗರು ಕುರಿಮರಿಗಳ ಮೇಲೆ ಪ್ರಯೋಗ ನಡೆಸಿ ೧೯೯೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಕೆಲವೇ ಹತ್ತುಗಳಷ್ಟು ಪಾಲು ಈ ಅನಿಲವನ್ನು ಬೆರೆಸಿದಾಗ, ಶ್ವಾಸಕೋಶದ ಧಮನಿಗಳಲ್ಲಿ ಏರಿದ್ದ ಒತ್ತಡವು ನಿಮಿಷಗಳಲ್ಲಿ ಇಳಿಯಿತು. ಮೈಯ ಉಳಿದ ಭಾಗದ ರಕ್ತದೊತ್ತಡವು ಅಲುಗಲಿಲ್ಲ. ಮರುವರ್ಷವೇ ಅದು ನವಜಾತ ಶಿಶುಗಳಿಗೆ ಬಂದಿತು.

ಗರ್ಭದಲ್ಲಿರುವ ಕೂಸಿಗೆ ಶ್ವಾಸಕೋಶದ ಕೆಲಸವಿಲ್ಲ. ಆದ್ದರಿಂದ ಅಲ್ಲಿನ ರಕ್ತನಾಳಗಳು ಮುದುಡಿರುತ್ತವೆ. ಹುಟ್ಟಿ ಮೊದಲ ಕೂಗು ಹಾಕಿದೊಡನೆ ಅವು ತೆರೆದುಕೊಳ್ಳಬೇಕು. ಕೆಲವು ಮಕ್ಕಳಲ್ಲಿ ತೆರೆಯುವುದಿಲ್ಲ. ಎಷ್ಟು ಆಮ್ಲಜನಕ ಕೊಟ್ಟರೂ ಕೂಸು ನೀಲಿಗಟ್ಟುತ್ತ ಹೋಗುತ್ತದೆ. ಅಂತಹ ಮಕ್ಕಳ ರಕ್ತವನ್ನು ಹೊರತೆಗೆದು ಯಂತ್ರದ ಮೂಲಕ ಹಾಯಿಸಿ ಮರಳಿಸುವ ಅತಿ ಕಠಿಣವಾದ ಚಿಕಿತ್ಸೆಯ ಅವಶ್ಯಕತೆಯನ್ನು ಈ ಅನಿಲವು ಬಹಳಷ್ಟು ತಗ್ಗಿಸಿತೆಂದು ೧೯೯೭ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳು ತೋರಿಸಿದವು. ೧೯೯೯ರ ಡಿಸೆಂಬರಿನಲ್ಲಿ ಅಮೆರಿಕದ ಸರಕಾರವು ಇದನ್ನು ಔಷಧವೆಂದು ಅಂಗೀಕರಿಸಿತು. ಪ್ರಮಾಣ: ಹತ್ತು ಲಕ್ಷ ಪಾಲಿನಲ್ಲಿ ೨೦ ಪಾಲು. ಡೇವಿಯ ನಾಲಿಗೆಯನ್ನು ಸುಟ್ಟ ಗಾಳಿಯು, ಅಳೆದು ತೂಗಿ ಕೊಟ್ಟಾಗ, ತೊಟ್ಟಿಲಿನ ಕಾವಲುಗಾರನಾಯಿತು.

ಸರಕಿಲ್ಲದ ಉಗ್ರಾಣಗಳು

ಇಷ್ಟು ಕೇಳಿದ ಯಾರಿಗಾದರೂ ಒಂದು ಆಸೆ ಚಿಗುರುವುದು ಸಹಜ. ಹಾಗಾದರೆ ಹತ್ತಾರು ವರ್ಷಗಳಿಂದ ದಮ್ಮು ಕಟ್ಟಿ ನರಳುವವರಿಗೂ ಒಂದು ಸಿಲಿಂಡರು ಸಾಲದೆ? ರಾತ್ರಿ ಮಲಗಲಾರದೆ, ದಿಂಬಿಗೆ ಒರಗಿ ಕುಳಿತೇ ಬೆಳಗು ಮಾಡುವವರು ಯಾವ ಊರಿನಲ್ಲಿಲ್ಲ? ನಾಲ್ಕು ಮೆಟ್ಟಿಲು ಹತ್ತಿ ನಿಂತುಬಿಡುವ ತಂದೆ, ದೇವರ ಮನೆಯಿಂದ ಅಡಿಗೆಮನೆಗೆ ಬರುವಷ್ಟರಲ್ಲಿ ಏದುಸಿರು ಬಿಡುವ ಅಜ್ಜಿ, ಇವರನ್ನು ನೋಡಿ ನೊಂದುಕೊಳ್ಳುವ ಮನೆಗಳು ಲಕ್ಷಾಂತರ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಸಿ.ಓ.ಪಿ.ಡಿ. ಎಂದು ಕರೆಯುವ ಈ ದೀರ್ಘಕಾಲದ ಶ್ವಾಸರೋಗವು ೨೦೨೧ರಲ್ಲಿ ಜಗತ್ತಿನಲ್ಲಿ ೩೫ ಲಕ್ಷ ಜನರ ಪ್ರಾಣವನ್ನು ಅಪಹರಿಸಿತು.

ತಂಬಾಕು ಇದರ ಮೊದಲ ಕಾರಣವಾದರೂ ಅದೊಂದೇ ಕಾರಣವಲ್ಲ. ಬೀಡಿಯನ್ನು ಮುಟ್ಟದ, ಸಿಗರೇಟನ್ನು ಕಾಣದ ಎಷ್ಟೋ ಹೆಣ್ಣುಮಕ್ಕಳಿಗೆ ಈ ರೋಗವು ಸೌದೆಯ, ಬೆರಣಿಯ ಹೊಗೆಯಿಂದ ಬರುತ್ತದೆ. ಮೈಸೂರಿನ ಸುತ್ತಣ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿದ ವೈದ್ಯರು ಒಲೆಯ ಹೊಗೆಗೂ ಎದೆಯ ಈ ರೋಗಕ್ಕೂ ಇರುವ ನಂಟನ್ನು ಬರೆದಿಟ್ಟಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಹುಟ್ಟಿದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ 'ಅಸ್ತ್ರ ಒಲೆ'ಯನ್ನು ರೂಪಿಸಿದುದು ಸೌದೆಯ ಉಳಿತಾಯಕ್ಕೆ ಮಾತ್ರವಲ್ಲ. ಅದು ಗೃಹಿಣಿಯ ಎದೆಗೂ ಉಪಕಾರವೇ.

ಈ ರೋಗಿಗಳ ಶ್ವಾಸಕೋಶದಲ್ಲಿ ಏನಾಗಿರುತ್ತದೆ? ಆರೋಗ್ಯವಂತನ ಎದೆಯಲ್ಲಿ ಮೂವತ್ತು ಕೋಟಿಗೂ ಮಿಗಿಲಾದ ಸೂಕ್ಷ್ಮ ಗಾಳಿಗೂಡುಗಳಿವೆ. ಪ್ರತಿಯೊಂದನ್ನೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆಯು ಸುತ್ತಿದೆ. ಗಾಳಿಗೂಡುಗಳನ್ನು ಉಗ್ರಾಣಗಳೆಂದೂ, ರಕ್ತವನ್ನು ಸರಕು ತುಂಬಿಕೊಳ್ಳಲು ಬರುವ ಗಾಡಿಗಳೆಂದೂ ಭಾವಿಸಿದರೆ, ಆಮ್ಲಜನಕವೇ ಸರಕು. ದೀರ್ಘರೋಗದಲ್ಲಿ ಹಲವು ಉಗ್ರಾಣಗಳು ಕುಸಿದಿರುತ್ತವೆ. ಹಲವಕ್ಕೆ ಗಾಳಿ ಹೋಗುವ ದಾರಿಯು ಕಫದಿಂದಲೂ ಬಾವಿನಿಂದಲೂ ಇಕ್ಕಟ್ಟಾಗಿರುತ್ತದೆ. ಸರಕಿಲ್ಲದ ಉಗ್ರಾಣಕ್ಕೆ ಗಾಡಿ ಹೋಗಿ ಫಲವೇನು? ದೇಹವು ಇದನ್ನು ಬಲ್ಲದು. ಗಾಳಿ ಸಾಲದ ಕಡೆಯ ರಕ್ತನಾಳವನ್ನು ತಾನಾಗಿ ಬಿಗಿದು, ರಕ್ತವನ್ನು ಗಾಳಿಯಿರುವ ಕಡೆಗೆ ತಿರುಗಿಸುತ್ತದೆ. ಈ ಜಾಣತನವನ್ನು ೧೯೪೬ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಮತ್ತು ಗೋರನ್ ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಲ್ಲಿ ಕಂಡು ವಿವರಿಸಿದರು.

ಆದರೆ ಜಾಣತನಕ್ಕೂ ಬೆಲೆ ತೆರಬೇಕು. ಎಲ್ಲೆಡೆಯೂ ಗಾಳಿ ಕಡಿಮೆಯಾದರೆ ಎಲ್ಲೆಡೆಯೂ ನಾಳಗಳು ಬಿಗಿಯುತ್ತವೆ. ಶ್ವಾಸಕೋಶದ ಧಮನಿಯಲ್ಲಿ ಪಾದರಸದ ೧೪ ಮಿಲಿಮೀಟರಿನ ಆಸುಪಾಸಿನಲ್ಲಿರಬೇಕಾದ ಸರಾಸರಿ ಒತ್ತಡವು ೨೦ನ್ನು ದಾಟುತ್ತದೆ, ಇನ್ನೂ ಮೇಲೇರುತ್ತದೆ. ಅದಕ್ಕೆದುರಾಗಿ ರಕ್ತವನ್ನು ತಳ್ಳಿ ತಳ್ಳಿ ಹೃದಯದ ಬಲಭಾಗವು ದಣಿಯುತ್ತದೆ. ಕಾಲುಗಳು ಬಾತುಕೊಳ್ಳುತ್ತವೆ. ಎದೆಯ ರೋಗವು ಹೃದಯದ ರೋಗವೂ ಆಗುತ್ತದೆ.

ಒತ್ತಡವನ್ನಿಳಿಸುವ ಅನಿಲವು ಇಲ್ಲಿಯೇ ಬೇಕಿತ್ತಲ್ಲವೆ ಎನ್ನಬಹುದು. ವೈದ್ಯರೂ ಹಾಗೆಯೇ ಎಣಿಸಿದರು. ೧೯೯೬ರಲ್ಲಿ ಪ್ರಕಟವಾದ ಸ್ಪೇನ್ ದೇಶದ ವೈದ್ಯರ ಪರೀಕ್ಷೆಯಲ್ಲಿ, ಸಿ.ಓ.ಪಿ.ಡಿ. ರೋಗಿಗಳು ಶಾಂತವಾಗಿ ಮಲಗಿ ನೈಟ್ರಿಕ್ ಆಕ್ಸೈಡನ್ನು ಉಸಿರಾಡಿದಾಗ ಒತ್ತಡವೇನೋ ಇಳಿಯಿತು. ಆದರೆ ರಕ್ತದಲ್ಲಿನ ಆಮ್ಲಜನಕವೂ ಇಳಿಯಿತು! ಕಾರಣವನ್ನು ತಿಳಿಯುವುದು ಕಷ್ಟವಲ್ಲ. ನಿಧಾನವಾಗಿ ಹರಡುವ ಅನಿಲವು ಹಾಳುಬಿದ್ದ ಉಗ್ರಾಣಗಳಿಗೂ ತಲಪಿ, ದೇಹವು ಬೇಕೆಂದೇ ಮುಚ್ಚಿದ್ದ ದಾರಿಗಳನ್ನು ತೆರೆದುಬಿಟ್ಟಿತು. ಗಾಡಿಗಳು ಬರಿದೇ ಹೋಗಿ ಬರಿದೇ ಬಂದವು. ಕೂಸಿನ ಮುಚ್ಚಿದ ಬಾಗಿಲನ್ನು ತೆರೆದ ಕೈಯೇ ಇಲ್ಲಿ ಮುಚ್ಚಿರಬೇಕಾದ ಬಾಗಿಲನ್ನೂ ತೆರೆಯಿತು.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. ಆ ಎಳೆಯ ಎದೆಗಳಿಗೆ ದೀರ್ಘರೋಗ ತಗಲದಂತೆ ಈ ಅನಿಲವು ತಡೆಯಬಹುದೆಂದು ಬಹಳ ಆಸೆಯಿತ್ತು. ೨೦೧೦ರಲ್ಲಿ ಅಮೆರಿಕದಲ್ಲಿ ಕೂಡಿದ ತಜ್ಞರ ಮಂಡಲಿಯು ಎಲ್ಲ ಪರೀಕ್ಷೆಗಳನ್ನೂ ತೂಗಿ ನೋಡಿ, ಅಂತಹ ಮಕ್ಕಳಿಗೆಲ್ಲ ವಾಡಿಕೆಯಾಗಿ ಇದನ್ನು ಕೊಡಲು ಆಧಾರವಿಲ್ಲವೆಂದು ತೀರ್ಮಾನಿಸಿತು.

ಆಸೆ, ನಿರಾಸೆ

ವಿಜ್ಞಾನಿಗಳು ಅಷ್ಟಕ್ಕೇ ಕೈ ಚೆಲ್ಲಲಿಲ್ಲ. ಉಸಿರನ್ನು ಒಳಗೆಳೆಯುವಾಗ ಗಾಳಿಯ ಮೊದಲ ಪಾಲು ಹೋಗುವುದು ಬೇಗ ತುಂಬಿಕೊಳ್ಳುವ, ಅಂದರೆ ಇನ್ನೂ ಚೆನ್ನಾಗಿರುವ ಗಾಳಿಗೂಡುಗಳಿಗೆ. ಅನಿಲವನ್ನು ಎಡೆಬಿಡದೆ ಹರಿಸುವ ಬದಲು, ಪ್ರತಿ ಉಸಿರಿನ ಆರಂಭದಲ್ಲಿ ಒಂದು ಗುಟುಕಿನಷ್ಟು ಮಾತ್ರ ಕೊಟ್ಟರೆ? ಆಗ ಒಳ್ಳೆಯ ಉಗ್ರಾಣಗಳ ದಾರಿ ಮಾತ್ರ ತೆರೆದು ಕೆಟ್ಟವು ಮುಚ್ಚಿಯೇ ಇರಬಹುದಲ್ಲ! ೨೦೦೩ರಲ್ಲಿ ವಿಯೆನ್ನಾದ ವೈದ್ಯರು ೪೦ ರೋಗಿಗಳಲ್ಲಿ ಈ ಉಪಾಯವನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಮನೆಯಲ್ಲಿಯೇ ಮೂರು ತಿಂಗಳು ಆಮ್ಲಜನಕದೊಡನೆ ಗುಟುಕು ಗುಟುಕಾಗಿ ಅನಿಲವನ್ನು ಪಡೆದವರಲ್ಲಿ ಒತ್ತಡವು ಇಳಿಯಿತು. ರಕ್ತದ ಆಮ್ಲಜನಕವು ಕೆಡಲಿಲ್ಲ.

ಇದೇ ಜಾಡಿನಲ್ಲಿ, ಶ್ವಾಸಕೋಶವು ಗಾಯದ ಕಲೆಯಂತೆ ಗಡುಸಾಗುವ ಇನ್ನೊಂದು ದೀರ್ಘರೋಗಕ್ಕೂ ಹೊತ್ತು ತಿರುಗಬಹುದಾದ ಸಣ್ಣ ಯಂತ್ರಗಳು ಸಿದ್ಧವಾದವು. ಆರಂಭದ ಚಿಕ್ಕ ಪರೀಕ್ಷೆಗಳು ಭರವಸೆಯನ್ನು ಹುಟ್ಟಿಸಿದವು. ರೋಗಿಗಳು ದಿನವಿಡೀ ಎಷ್ಟು ನಡೆದಾಡುತ್ತಾರೆಂಬುದನ್ನು ಮೈಮೇಲೆ ಧರಿಸಿದ ಉಪಕರಣವೇ ಬರೆದುಕೊಳ್ಳುತ್ತಿತ್ತು. ಆದರೆ ೨೦೨೩ರ ಜೂನ್ ತಿಂಗಳಲ್ಲಿ ಅಂತಿಮ ಹಂತದ ದೊಡ್ಡ ಪರೀಕ್ಷೆಯ ಫಲಿತಾಂಶವು ಹೊರಬಂದಾಗ, ಔಷಧಾನಿಲವನ್ನು ಪಡೆದವರಿಗೂ ಪಡೆಯದವರಿಗೂ ನಡೆದಾಟದಲ್ಲಿ ಎಣಿಸಬಹುದಾದ ಅಂತರವಿರಲಿಲ್ಲ. ಆ ಯಂತ್ರವನ್ನು ಹೆಗಲಿಗೇರಿಸಿಕೊಂಡು ತಿಂಗಳುಗಟ್ಟಲೆ ಉಸಿರಾಡಿದ ರೋಗಿಗಳ ಮನಸ್ಸಿನಲ್ಲಿ ಆ ದಿನ ಏನಾಗಿರಬೇಕೆಂಬುದನ್ನು ಅಂಕಿಗಳು ಹೇಳುವುದಿಲ್ಲ.

ಇನ್ನೊಂದು ದಾರಿಯೆಂದರೆ ಅನಿಲವನ್ನೇ ಕೊಡದೆ, ಮೈಯಲ್ಲಿ ಹುಟ್ಟುವ ಅನಿಲದ ಪರಿಣಾಮವನ್ನು ಗುಳಿಗೆಯಿಂದ ಬಲಪಡಿಸುವುದು. ಹೃದಯಶೂಲೆಗೆಂದು ಪರೀಕ್ಷಿಸಲ್ಪಟ್ಟು ಬೇರೊಂದು ಕಾರಣಕ್ಕಾಗಿ ಜಗತ್ಪ್ರಸಿದ್ಧವಾದ ಸಿಲ್ಡೆನಾಫಿಲ್ ಎಂಬ ಮದ್ದು ಮಾಡುವುದು ಇದನ್ನೇ. ಶ್ವಾಸಕೋಶದ ಧಮನಿಗಳಲ್ಲಿಯೇ ಮೂಲವಿರುವ ಅಧಿಕ ಒತ್ತಡದ ರೋಗಕ್ಕೆ ೨೦೦೫ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಆ ರೋಗಿಗಳಿಗೆ ಅದರಿಂದ ನಿಜವಾದ ಉಪಕಾರವಾಗಿದೆ. ೨೦೧೩ರಲ್ಲಿ ರಿಯೋಸಿಗುವಾಟ್ ಎಂಬ ಮತ್ತೊಂದು ಗುಳಿಗೆಯು ಬಂದಿತು. ಆದರೆ ಅದನ್ನು ಶ್ವಾಸಕೋಶ ಗಡುಸಾದ ರೋಗಿಗಳಿಗೆ ಕೊಟ್ಟು ನೋಡಿದ ಪರೀಕ್ಷೆಯನ್ನು ೨೦೧೬ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಮದ್ದು ಪಡೆದವರಲ್ಲಿಯೇ ಸಾವೂ ತೊಂದರೆಯೂ ಹೆಚ್ಚಾಗಿ ಕಂಡವು. ಒಂದೇ ಹೆಸರಿನ ಒತ್ತಡವಾದರೂ ಅದರ ಬೇರುಗಳು ಬೇರೆ. ಒಬ್ಬನಿಗೆ ಅಮೃತವಾದುದು ಇನ್ನೊಬ್ಬನಿಗೆ ಅಪಾಯವಾದೀತು. ನೆರೆಮನೆಯವರ ಗುಳಿಗೆಯನ್ನು ಎರವಲು ತಂದು ನುಂಗುವವರು ಇದನ್ನು ನೆನಪಿಡಬೇಕು. ನಾಲಿಗೆಯಡಿಯ ನೈಟ್ರೋಗ್ಲಿಸರಿನ್ ಗುಳಿಗೆಯೊಡನೆ ಸಿಲ್ಡೆನಾಫಿಲ್ ಸೇರಿದರೆ ರಕ್ತದೊತ್ತಡವು ಪ್ರಾಣಕ್ಕೆ ಎರವಾಗುವಷ್ಟು ಕುಸಿಯಬಹುದು.

ಮೂಗು, ಬೀಟ್‌ರೂಟು, ದುಂಬಿ

ಆದರೂ ಈ ಅನಿಲದ ಅನ್ವೇಷಣೆಯು ದೀರ್ಘರೋಗಿಗಳಿಗೆ ಏನನ್ನೂ ಕೊಡಲಿಲ್ಲವೆಂದಲ್ಲ. ೧೯೯೧ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಮನುಷ್ಯನ ನಿಶ್ವಾಸದಲ್ಲಿಯೇ ನೈಟ್ರಿಕ್ ಆಕ್ಸೈಡ್ ಇದೆಯೆಂದು ಕಂಡುಕೊಂಡರು. ಎರಡೇ ವರ್ಷಗಳಲ್ಲಿ, ಉಬ್ಬಸದ ರೋಗಿಗಳ ನಿಶ್ವಾಸದಲ್ಲಿ ಅದು ಹೆಚ್ಚಾಗಿರುತ್ತದೆಂಬುದೂ ತಿಳಿಯಿತು. ಶ್ವಾಸನಾಳದಲ್ಲಿ ಬಾವು ಇದ್ದಷ್ಟೂ ಅನಿಲ ಹೆಚ್ಚು. ರೋಗಿಯು ಒಂದು ಕೊಳವೆಯೊಳಗೆ ಮೆಲ್ಲಗೆ ಊದಿದರೆ ಸಾಕು, ನೂರು ಕೋಟಿ ಪಾಲಿನಲ್ಲಿ ಎಷ್ಟು ಪಾಲೆಂದು ಯಂತ್ರವು ಹೇಳುತ್ತದೆ. ವಯಸ್ಕರಲ್ಲಿ ಅದು ೫೦ನ್ನು ಮೀರಿದ್ದರೆ ಉಸಿರಿನೊಡನೆ ಎಳೆದುಕೊಳ್ಳುವ ಸ್ಟೆರಾಯ್ಡ್ ಔಷಧದಿಂದ ಗುಣ ಕಾಣುವ ಸಂಭವವು ಹೆಚ್ಚು. ಚಿಕಿತ್ಸೆಯಾಗದಿದ್ದ ಕಡೆ ಅನಿಲವು ದಾರಿದೀಪವಾಯಿತು.

೧೯೯೫ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯ ವಿಜ್ಞಾನಿಗಳು ಮೂಗಿನ ಪಕ್ಕದ ಎಲುಬಿನ ಗೂಡುಗಳಲ್ಲಿ ಈ ಅನಿಲವು ಧಾರಾಳವಾಗಿ ಹುಟ್ಟುತ್ತದೆಂದು ತೋರಿಸಿದರು. ಮೂಗಿನಿಂದ ಉಸಿರಾಡುವವನು ಅದನ್ನು ಅರಿಯದೆಯೇ ಒಳಗೆಳೆದುಕೊಳ್ಳುತ್ತಾನೆ. ೨೦೦೨ರಲ್ಲಿ ಅವರು ಇನ್ನೊಂದು ಸ್ವಾರಸ್ಯವನ್ನು ಕಂಡರು: ಬಾಯಿ ಮುಚ್ಚಿ ಗುಂಯ್‌ಗುಡುತ್ತ ಉಸಿರು ಬಿಟ್ಟರೆ, ಸುಮ್ಮನೆ ಬಿಟ್ಟುದಕ್ಕಿಂತ ಮೂಗಿನಿಂದ ಬರುವ ಈ ಅನಿಲವು ೧೫ ಪಟ್ಟು ಹೆಚ್ಚುತ್ತದೆ. ದುಂಬಿಯ ಝೇಂಕಾರದಂತೆ ಉಸಿರು ಬಿಡುವ ಭ್ರಾಮರೀ ಪ್ರಾಣಾಯಾಮವು ಕನ್ನಡಿಗರಿಗೆ ಹೊಸತೇನಲ್ಲ. ಹಾಗೆಂದು ಝೇಂಕಾರದಿಂದ ಹಳೆಯ ದಮ್ಮು ವಾಸಿಯಾಗುತ್ತದೆಂದು ಹೊರಡುವುದು ದುಡುಕಾದೀತು. ಆ ಪ್ರಯೋಗವು ಅಳೆದುದು ಮೂಗಿನ ಗಾಳಿಯನ್ನು, ರೋಗಿಯ ಬಾಳನ್ನಲ್ಲ.

ಅಡಿಗೆಮನೆಯಿಂದಲೂ ಒಂದು ಸುದ್ದಿಯಿದೆ. ಬೀಟ್‌ರೂಟು, ದಂಟು, ಪಾಲಕ, ಮೂಲಂಗಿ ಮುಂತಾದವುಗಳಲ್ಲಿ ನೈಟ್ರೇಟ್ ಲವಣವು ಹೇರಳವಾಗಿದೆ. ನಾಲಿಗೆಯ ಮೇಲೆ ವಾಸಿಸುವ ನಿರಪಾಯವಾದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ದೇಹವು ಅದರಿಂದ ನೈಟ್ರಿಕ್ ಆಕ್ಸೈಡನ್ನು ಮಾಡಿಕೊಳ್ಳುತ್ತದೆ. ಲಂಡನ್ನಿನಲ್ಲಿ ೮೧ ಮಂದಿ ಸಿ.ಓ.ಪಿ.ಡಿ. ರೋಗಿಗಳು ಹನ್ನೆರಡು ವಾರ ದಿನವೂ ಬೀಟ್‌ರೂಟಿನ ಸಾಂದ್ರ ರಸವನ್ನು ಕುಡಿದರು. ಅರ್ಧದಷ್ಟು ಜನರಿಗೆ ಸಿಕ್ಕಿದುದು ನೈಟ್ರೇಟನ್ನು ತೆಗೆದ, ಆದರೆ ಬಣ್ಣ ರುಚಿಗಳಲ್ಲಿ ಹೋಲುವ ರಸ. ನೈಟ್ರೇಟ್ ಇದ್ದ ರಸ ಕುಡಿದವರ ರಕ್ತದೊತ್ತಡವು ಸರಾಸರಿ ನಾಲ್ಕೂವರೆ ಮಿಲಿಮೀಟರಿನಷ್ಟು ತಗ್ಗಿತು. ಆರು ನಿಮಿಷಗಳಲ್ಲಿ ಅವರು ಸುಮಾರು ೩೦ ಮೀಟರು ಹೆಚ್ಚು ದೂರ ನಡೆದರು. ಮೂವತ್ತು ಮೀಟರು ಎಂದರೆ ಆರೋಗ್ಯವಂತನಿಗೆ ಲೆಕ್ಕವೇ ಅಲ್ಲ. ದಮ್ಮಿನ ರೋಗಿಗೆ ಅದು ಮನೆಯ ಬಾಗಿಲಿನಿಂದ ಬೀದಿಯ ತಿರುವಿನವರೆಗಿನ ಸ್ವಾತಂತ್ರ್ಯ. ಆದರೆ ಇದೂ ಚಿಕ್ಕ ಪರೀಕ್ಷೆಯೇ. ಹಿಂದಿನ ಚಿಕ್ಕ ಪರೀಕ್ಷೆಗಳ ಗತಿಯನ್ನು ಕಂಡವರು ದೊಡ್ಡದಕ್ಕಾಗಿ ಕಾಯುತ್ತಾರೆ.

ಬಿಳಿಯ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಇದೇ ಅನಿಲವನ್ನು ಬಳಸುತ್ತವೆ. ಇದನ್ನನುಸರಿಸಿ, ಯಾವ ಮದ್ದಿಗೂ ಬಗ್ಗದ ಕೆಲವು ರೋಗಾಣುಗಳು ಬೇರೂರಿದ ಎದೆಗಳಿಗೆ ಹತ್ತು ಲಕ್ಷದಲ್ಲಿ ೧೬೦ ಪಾಲಿನಷ್ಟು ಬಲವಾದ ಅನಿಲವನ್ನು ಸ್ವಲ್ಪ ಸ್ವಲ್ಪ ಹೊತ್ತು ಕೊಟ್ಟು ನೋಡುವ ಪರೀಕ್ಷೆಗಳೂ ನಡೆದಿವೆ. ಇಲ್ಲಿ ಕತ್ತಿಯ ಅಲುಗಿನ ನಡಿಗೆ. ಅನಿಲವು ಹೆಚ್ಚಾದರೆ ರಕ್ತದ ಹೀಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದ ಮೆಥೆಮೊಗ್ಲೋಬಿನ್ ಆಗುತ್ತದೆ. ಕೆಂಗಂದಿನ ವಿಷಾನಿಲವೂ ಹುಟ್ಟುತ್ತದೆ. ಆದುದರಿಂದಲೇ ಆಸ್ಪತ್ರೆಯಲ್ಲಿ, ಅಳೆಯುವ ಯಂತ್ರಗಳ ಕಣ್ಗಾವಲಿನಲ್ಲಲ್ಲದೆ ಇದು ಮುಟ್ಟಬಾರದ ಮದ್ದು.

ಉಳಿದ ದಾರಿ

ಹಾಗಾದರೆ ಇಂದು ದೀರ್ಘಕಾಲದ ಎದೆರೋಗಿಗೆ ಆಧಾರ ಯಾವುದು? ಅದ್ಭುತಗಳಿಗಿಂತ ಸಾಮಾನ್ಯ ವಸ್ತುಗಳೇ. ಧೂಮಪಾನವನ್ನು ನಿಲ್ಲಿಸುವುದು ಎಲ್ಲಕ್ಕಿಂತ ಮೊದಲನೆಯದು. ಅಡಿಗೆಮನೆಯ ಹೊಗೆಗೆ ಹೊರದಾರಿ ಮಾಡುವುದು ಎರಡನೆಯದು. ಶ್ವಾಸನಾಳವನ್ನು ಹಿಗ್ಗಿಸುವ ಔಷಧವನ್ನು ಸರಿಯಾದ ಕ್ರಮದಲ್ಲಿ ಒಳಗೆಳೆದುಕೊಳ್ಳಲು ಕಲಿಯುವುದು, ಫ್ಲೂ ಮತ್ತು ನ್ಯುಮೋನಿಯಾ ವಿರುದ್ಧ ಚುಚ್ಚುಮದ್ದು, ವೈದ್ಯರ ಮೇಲ್ವಿಚಾರಣೆಯಲ್ಲಿ ನಿತ್ಯದ ನಡಿಗೆ ಮತ್ತು ವ್ಯಾಯಾಮ ಇವು ಮುಂದಿನವು. ರಕ್ತದಲ್ಲಿ ಆಮ್ಲಜನಕವು ತೀರ ಇಳಿದ ರೋಗಿಗಳಿಗೆ ದಿನಕ್ಕೆ ಹದಿನೈದು ಗಂಟೆಗಳಿಗೆ ಕಡಿಮೆಯಿಲ್ಲದಂತೆ ಆಮ್ಲಜನಕವನ್ನು ಕೊಟ್ಟರೆ ಆಯುಸ್ಸು ಹೆಚ್ಚುತ್ತದೆಂದು ೧೯೮೦ ಮತ್ತು ೧೯೮೧ರಲ್ಲಿ ಪ್ರಕಟವಾದ ಅಮೆರಿಕ, ಬ್ರಿಟನ್ನುಗಳ ಪರೀಕ್ಷೆಗಳು ತೋರಿಸಿದವು. ಆ ಮಾತು ಇಂದಿಗೂ ನಿಂತಿದೆ.

ಬೆಡ್ಡೋಸ್ ಅವರ ಕನಸು, ಗಾಳಿಯಿಂದ ಎದೆಯನ್ನು ಗುಣಪಡಿಸುವ ಕನಸು, ಹುಚ್ಚು ಕನಸೇನೂ ಆಗಿರಲಿಲ್ಲ. ಅವರ ಚೀಲಗಳಲ್ಲಿದ್ದ ಆಮ್ಲಜನಕವು ಇಂದು ಲಕ್ಷಾಂತರ ರೋಗಿಗಳ ಮಂಚದ ಪಕ್ಕದಲ್ಲಿದೆ. ಅವರ ಶಿಷ್ಯನ ಬಾಯಿಯನ್ನು ಸುಟ್ಟ ಅನಿಲವು ತೊಟ್ಟಿಲಿನ ಮಗುವಿಗೆ ಉಸಿರಾಗಿದೆ. ಹಳೆಯ ಎದೆರೋಗಿಗೆ ಮಾತ್ರ ಅದು ಇನ್ನೂ ಪೂರ್ತಿಯಾಗಿ ಒಲಿದಿಲ್ಲ. ಯಾವ ಬಾಗಿಲನ್ನು ತೆರೆಯಬೇಕು, ಯಾವುದನ್ನು ಮುಚ್ಚಿಯೇ ಇಡಬೇಕು ಎಂಬ ವಿವೇಕವನ್ನು ಆ ಗಾಳಿಗೆ ಕಲಿಸುವವರೆಗೆ ಪರೀಕ್ಷೆಗಳು ನಡೆಯುತ್ತಲೇ ಇರುತ್ತವೆ. ಅಷ್ಟರವರೆಗೆ, ದಿಂಬಿಗೊರಗಿ ಬೆಳಗು ಕಾಯುವವರ ಬಳಿ ಕುಳಿತು ಕಿಟಕಿಯನ್ನು ತೆರೆಯುವ ಕೈ, ಒಲೆಯ ಹೊಗೆಯನ್ನು ಹೊರಗೆ ಕಳುಹಿಸುವ ಕೊಳವೆ, ಹಚ್ಚಲೆಂದು ತೆಗೆದ ಬೀಡಿಯನ್ನು ಮರಳಿ ಕಟ್ಟಿಗೆ ಸೇರಿಸುವ ನಿರ್ಧಾರ, ಇವು ಕೂಡ ಔಷಧಗಳೇ. ಇವಕ್ಕೆ ಸಿಲಿಂಡರು ಬೇಡ.